ಶಹಾಪುರದ ಪಿನ್‌ಕೋಡ್ ಮತ್ತು ಅವಿಭಾಜ್ಯಗಳ ಬೀಗ

ಒಂದರಿಂದ ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, ಒಂದಕ್ಕಿಂತ ದೊಡ್ಡ ಪೂರ್ಣಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಎಂದು ಹೆಸರು. 2, 3, 5, 7, 11 ಎಂದು ಸಾಗುವ ಈ ಸಾಲಿಗೆ ಕೊನೆಯಿಲ್ಲವೆಂಬುದನ್ನು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದರು. ಆದರೆ ಕಣ್ಣಮುಂದಿರುವ ಸಂಖ್ಯೆಯೊಂದು ಆ ಸಾಲಿಗೆ ಸೇರಿದ್ದೋ ಅಲ್ಲವೋ ಎಂದು ನಿರ್ಧರಿಸುವ ಕೆಲಸ ಎಷ್ಟು ಬೇಗ ಕಠಿಣವಾಗುತ್ತದೆ ಎಂಬುದನ್ನು ಯಾದಗಿರಿ ಜಿಲ್ಲೆಯ ಅಂಚೆ ವಿಳಾಸಗಳಲ್ಲೇ ಕಾಣಬಹುದು.

ಸುರಪುರದ ಪಿನ್‌ಕೋಡ್ 585224 ಸಮಸಂಖ್ಯೆಯಾದ್ದರಿಂದ ಅದು ಅವಿಭಾಜ್ಯವಲ್ಲವೆಂದು ನೋಡಿದೊಡನೆ ಹೇಳಬಹುದು. ಯಾದಗಿರಿಯ 585201ರ ಅಂಕಿಗಳ ಮೊತ್ತ 21 ಆಗಿರುವುದರಿಂದ ಅದು ಮೂರರಿಂದ ಭಾಗವಾಗುತ್ತದೆ. ಪೂರ್ತಿ ಬಿಡಿಸಿದರೆ 3, 97, 2011 ಎಂಬ ಮೂರು ಅವಿಭಾಜ್ಯಗಳ ಗುಣಲಬ್ಧ. ಶಹಾಪುರದ 585223 ಮಾತ್ರ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದನ್ನು ಎರಡರಿಂದ ಮೊದಲುಗೊಂಡು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ ಮೊದಲ 108 ಸಂಖ್ಯೆಗಳೂ ಶೇಷ ಉಳಿಸುತ್ತವೆ. 7, 13, 59, 109 ಇವು ನಾಲ್ಕರಲ್ಲೂ ಶೇಷ 2, ಇನ್ನು 383 ಕೇವಲ ಒಂದರ ಅಂತರದಲ್ಲಿ ತಪ್ಪಿ ಪಕ್ಕದ ಸುರಪುರದ ಸಂಖ್ಯೆಯನ್ನು ಭಾಗಿಸುತ್ತದೆ. 109ನೆಯ ಅವಿಭಾಜ್ಯವಾದ 599ಕ್ಕೆ ಬಂದಾಗ ಶೇಷವಿಲ್ಲದೆ 977 ಎಂಬ ಇನ್ನೊಂದು ಅವಿಭಾಜ್ಯ ಸಿಗುತ್ತದೆ. ಇದನ್ನೇ ತಿರುಗಿಸಿ, 977ನ್ನು 600ರಿಂದ ಗುಣಿಸಿ ಬಂದ 586200ರಲ್ಲಿ ಒಂದು 977ನ್ನು ಕಳೆದರೆ 585223 ಬಾಯಿಲೆಕ್ಕದಲ್ಲೇ ಬಂದುಬಿಡುತ್ತದೆ.

ಗುಣಿಸುವ ಸುಲಭಕ್ಕೂ ಒಡೆಯುವ ಕಷ್ಟಕ್ಕೂ ನಡುವಿನ ಈ ಅಂತರವೇ ಇಂದಿನ ಗುಪ್ತಲಿಪಿಯ ಜೀವಾಳ. 1977ರಲ್ಲಿ ರಿವೆಸ್ಟ್, ಶಮಿರ್ ಮತ್ತು ಏಡಲ್‌ಮನ್ ರೂಪಿಸಿದ ಆರ್‌ಎಸ್‌ಎ ವಿಧಾನದಲ್ಲಿ ಗುಣಲಬ್ಧವನ್ನು ಎಲ್ಲರಿಗೂ ತಿಳಿಸಿ, ಅದರೊಳಗಿನ ಎರಡು ಅವಿಭಾಜ್ಯಗಳನ್ನು ಗುಟ್ಟಾಗಿಡಲಾಗುತ್ತದೆ. ಆಧಾರ್ ದೃಢೀಕರಣದಲ್ಲಿ ಬಳಕೆಯಾಗುವ 2048 ಬಿಟ್‌ಗಳ ಕೀಲಿಯಲ್ಲಿ ಆ ಗುಣಲಬ್ಧಕ್ಕೆ ಸುಮಾರು 617 ಅಂಕಿಗಳಿದ್ದು, ಶಹಾಪುರದ ಸಂಖ್ಯೆಯನ್ನು ಒಡೆದ ಕ್ರಮ ಅಲ್ಲಿ ನಡೆಯುವ ಮಾತೇ ಅಲ್ಲ.

ಹಾಗಿದ್ದರೆ ಮುನ್ನೂರು ಅಂಕಿಗಳ ಅವಿಭಾಜ್ಯವನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ದಾರಿ ತೆರೆದದ್ದು ಹದಿನೇಳನೆಯ ಶತಮಾನದ ಫರ್ಮಾ ಕಂಡುಕೊಂಡ ಗುಣ: ಎರಡಕ್ಕಿಂತ ದೊಡ್ಡದಾದ ಯಾವುದೇ ಅವಿಭಾಜ್ಯದಷ್ಟು ಸಲ 2ನ್ನು ಬರೆದು ಗುಣಿಸಿ, ಬಂದದ್ದನ್ನು ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 2 ಉಳಿಯಲೇಬೇಕು. ಏಳು ಎರಡುಗಳ ಗುಣಲಬ್ಧ 128ನ್ನು 7ರಿಂದ ಭಾಗಿಸಿದರೆ ಶೇಷ 2. ಹದಿನೈದು ಎರಡುಗಳ ಗುಣಲಬ್ಧ 32768ನ್ನು 15ರಿಂದ ಭಾಗಿಸಿದರೆ ಶೇಷ 8. ಅಪವರ್ತನಗಳು ಯಾವುವೆಂದು ತಿಳಿಯದೆಯೇ ಸಂಖ್ಯೆ ಒಡೆಯಬಲ್ಲದ್ದೆಂದು ಖಚಿತವಾಗುವುದು ಗಣಿತದ ಅತ್ಯಂತ ಸುಂದರ ಸಂಗತಿಗಳಲ್ಲೊಂದು. ಆದರೂ 341ರಂಥ ಸಂಖ್ಯೆಗಳು 11 ಮತ್ತು 31ರ ಗುಣಲಬ್ಧವಾಗಿದ್ದೂ ಈ ಪರೀಕ್ಷೆಯಲ್ಲಿ ನುಸುಳಿಕೊಳ್ಳುತ್ತವೆ. ಎಂದೂ ತಪ್ಪದ, ಸಂಖ್ಯೆ ಬೆಳೆದರೂ ಮಿತಿಮೀರಿ ಕಾಲ ಬೇಡದ ಪರೀಕ್ಷೆಯನ್ನು 2002ರಲ್ಲಿ ಕೊಟ್ಟವರು ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ.

ಇಷ್ಟು ದೊಡ್ಡ ಅವಿಭಾಜ್ಯಗಳಿಗೆ ಬರವೂ ಇಲ್ಲ. ಮುನ್ನೂರು ಅಂಕಿಗಳ ಆಸುಪಾಸಿನಲ್ಲಿ ಸರಾಸರಿ 700 ಸಂಖ್ಯೆಗಳಿಗೆ ಒಂದಾದರೂ ಸಿಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದದ್ದಾಗಿ ಪ್ರಕಟವಾದ, 13,62,79,841 ಎರಡುಗಳ ಗುಣಲಬ್ಧದಿಂದ ಒಂದನ್ನು ಕಳೆದರೆ ಬರುವ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿದ್ದು, ಅದು ಅದುವರೆಗೆ ಗೊತ್ತಿದ್ದವುಗಳಲ್ಲೆಲ್ಲ ದೊಡ್ಡದು. ಆದರೆ ಲೋಕಕ್ಕೆಲ್ಲ ತಿಳಿದಿರುವ ಕಾರಣಕ್ಕೇ ಅದು ಬೀಗಕ್ಕೆ ಬಾರದು.