ಕ್ಯಾಮೆರಾ ಕಾಣದ ಹಲಗಲಿ

ತಂಗಡಗಿಯ ಕೃಷ್ಣಾತೀರದಿಂದ ಪಶ್ಚಿಮಕ್ಕೆ, ಮುಧೋಳದ ಸಮೀಪದಲ್ಲಿ ಹಲಗಲಿ ಇದೆ. ಆಯುಧಗಳನ್ನೊಪ್ಪಿಸಲು ನಿರಾಕರಿಸಿದ ಅಲ್ಲಿನ ಬೇಡರ ಊರನ್ನು 1857ರ ನವೆಂಬರಿನಲ್ಲಿ ಆಂಗ್ಲರ ಸೈನ್ಯವು ಸುಟ್ಟಿತು. ಆ ಬೂದಿಯೆದುರು ಯಾವ ಕ್ಯಾಮೆರಾವೂ ನಿಲ್ಲಲಿಲ್ಲ.

ಅದೇ ತಿಂಗಳು ಲಖನೌದ ಸಿಕಂದರ್ ಬಾಗಿನಲ್ಲಿ ಸುಮಾರು 2000 ಸಿಪಾಯಿಗಳು ಹತರಾದರು. ಛಾಯಾಗ್ರಾಹಕ ಫೆಲಿಸ್ ಬೀಟೊ ಅಲ್ಲಿಗೆ ಬಂದದ್ದು 1858ರಲ್ಲಿ. ಅಂಗಳದಲ್ಲಿ ಹರಡಿದ್ದ ಎಲುಬುಗಳ ಆತನ ಚಿತ್ರವು ಲೋಕಪ್ರಸಿದ್ಧವಾಯಿತು. ಅದು ಸತ್ತವರನ್ನು ತೋರಿಸಿತು. ಕೊಂದವರನ್ನಾಗಲಿ, ಕದನದ ಕಾರಣವನ್ನಾಗಲಿ ತೋರಿಸಲಿಲ್ಲ. ಅಂದಿನ ಪತ್ರಿಕೆಗಳೋ ಛಾಯಾಚಿತ್ರವನ್ನು ನೇರವಾಗಿ ಅಚ್ಚುಮಾಡಲಾರದೆ, ಮರದಲ್ಲಿ ಕೊರೆಸಿ ಮುದ್ರಿಸುತ್ತಿದ್ದವು. ಕೊರೆಯುವವನ ಕೈಯೂ ಅರ್ಥವನ್ನು ತಿದ್ದಬಹುದಾಗಿತ್ತು.

ಹಲಗಲಿಯನ್ನು ಉಳಿಸಿದ್ದು ಲಾವಣಿ. ಅದನ್ನು ಸಂಗ್ರಹಿಸಿ ಪ್ರಕಟಿಸಿದವನು ಆಂಗ್ಲ ಅಧಿಕಾರಿ ಫ್ಲೀಟ್ ಎಂಬುದು ಕುತೂಹಲಕರ.

ವಾಚಕರೇ, ಯುದ್ಧದ ಚಿತ್ರವನ್ನು ನೋಡುವಾಗ, ಚೌಕಟ್ಟಿನಾಚೆ ಉಳಿದ ಊರು ಯಾವುದೆಂದೂ ಕೇಳಬೇಕು.