ಹಾಳೆತಟ್ಟೆ ಯಂತ್ರ: ಅಚ್ಚಿನ ಬಿಸಿ ಅಳೆಯುವುದು ಹೇಗೆ?

ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಯಂತ್ರ ನಿಮ್ಮಲ್ಲಿದ್ದರೆ, ಒಂದೇ ದಿನ ಒತ್ತಿದ ತಟ್ಟೆಗಳಲ್ಲಿ ಕೆಲವು ನಡುವೆ ಕಂದುವುದನ್ನೂ ಕೆಲವು ಅಂಚಿನಲ್ಲಿ ಹಸಿಯಾಗಿ ಉಳಿಯುವುದನ್ನೂ ಕಂಡಿರುತ್ತೀರಿ. ಕಂದಿದ್ದನ್ನು ವ್ಯಾಪಾರಿ ಬದಿಗೆ ಹಾಕುತ್ತಾನೆ. ಹಸಿ ಉಳಿದದ್ದರಿಂದ ನಷ್ಟ ಇನ್ನೂ ಹೆಚ್ಚು. ಕಟ್ಟಿಟ್ಟ ಮೇಲೆ ಬೂಷ್ಟು ಹಿಡಿದು ಜೊತೆಯ ಒಳ್ಳೆಯ ತಟ್ಟೆಗಳನ್ನೂ ಕೆಡಿಸುತ್ತದೆ. ಹಾಳೆಯ ದಪ್ಪ, ನೆನೆಸಿದ ಹದ ಇವೂ ಕಾರಣವೇ. ಆದರೆ ಅಚ್ಚಿನ ಬಿಸಿಯನ್ನು ಮೊದಲು ನೋಡಬೇಕು.

ಯಂತ್ರದ ಪೆಟ್ಟಿಗೆ 100 ಡಿಗ್ರಿ ತೋರಿಸಿದರೆ ಅದು ಹಾಳೆಗೆ ತಾಗುವ ಮುಖದ ಬಿಸಿಯೆಂದು ತಿಳಿಯಬೇಡಿ. ಬಿಸಿ ಗುರುತಿಸುವ ಕಡ್ಡಿ ಸಾಮಾನ್ಯವಾಗಿ ಹೀಟರಿನ ಬಳಿ, ಲೋಹದೊಳಗೆ ಇರುತ್ತದೆ. ಒದ್ದೆ ಹಾಳೆ ಇಟ್ಟೊಡನೆ ನೀರು ಆವಿಯಾಗತೊಡಗುತ್ತದೆ. ಒಂದು ಗ್ರಾಂ ಕುದಿನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಅದನ್ನು ಅಚ್ಚಿನ ಮುಖವೇ ಕೊಡಬೇಕು. ಬೆಳಿಗ್ಗೆ ಮೊದಲ ತಟ್ಟೆ ಚೆನ್ನಾಗಿ ಬಂದು ಹತ್ತನೆಯದು ಹಸಿ ಉಳಿಯುವುದು ಹೀಗೆ. ಆದ್ದರಿಂದ ಖಾಲಿ ಅಚ್ಚನ್ನಷ್ಟೇ ಅಳೆದರೆ ಸಾಲದು. ಹತ್ತು ತಟ್ಟೆ ಒತ್ತಿದ ಕೂಡಲೇ ಇನ್ನೊಮ್ಮೆ ಅಳೆಯಿರಿ.

ಈಗ ಪೇಟೆಯಲ್ಲಿ ಪಿಸ್ತೂಲಿನಂಥ ಥರ್ಮಾಮೀಟರ್ ಅಗ್ಗವಾಗಿ ಸಿಗುತ್ತದೆ. ಮುಟ್ಟದೆ ಅಳೆಯುತ್ತದೆ, ನಿಜ. ಆದರೆ ಹೊಳೆಯುವ ಲೋಹದ ಮೇಲೆ ಅದು ಮೋಸಹೋಗುತ್ತದೆ! ನುಣುಪಾದ ಅಲ್ಯೂಮಿನಿಯಂ ತನ್ನ ಶಾಖವನ್ನು ಬಹಳ ಕಡಿಮೆ ಹೊರಸೂಸಿ, ಸುತ್ತಲಿನದನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಅಚ್ಚು 100 ಡಿಗ್ರಿ ಕಾದಿದ್ದರೂ ಉಪಕರಣ ಅದರ ಅರ್ಧವನ್ನೂ ತೋರಿಸದಿರಬಹುದು. ಅದನ್ನು ನಂಬಿ ಗುಂಡಿ ತಿರುಗಿಸಿದರೆ ಹಾಳೆ ಸುಡುತ್ತದೆ.

ಇದಕ್ಕೆ ಸುಲಭದ ಉಪಾಯವಿದೆ. ಬಣ್ಣ ಬಳಿಯುವವರು ಬಳಸುವ ಕಾಗದದ ಮಾಸ್ಕಿಂಗ್ ಟೇಪಿನ ತುಣುಕುಗಳನ್ನು, ಅಚ್ಚು ತಣ್ಣಗಿರುವಾಗಲೇ, ನಡುವೆ ಒಂದು, ಅಂಚಿನಲ್ಲಿ ನಾಲ್ಕು ಕಡೆ ಗಾಳಿ ಉಳಿಯದಂತೆ ಅಂಟಿಸಿ. ಕಾದ ಮೇಲೆ ಆ ತುಣುಕುಗಳ ಮೇಲೆಯೇ ಅಳೆಯಿರಿ. ಉಪಕರಣವನ್ನು ಹತ್ತಿರ ಹಿಡಿಯಬೇಕು. ಕೆಂಪು ಚುಕ್ಕೆ ಬರೀ ಗುರಿ ತೋರಿಸುವುದಕ್ಕೆ, ಅಳೆಯುವ ಜಾಗ ಅದಕ್ಕಿಂತ ಅಗಲ. ಆವಿಯ ಮೂಲಕ ಅಳೆಯಬೇಡಿ. ಟೇಪು ಇರುವಷ್ಟು ಹೊತ್ತು ಒತ್ತುವ ತಟ್ಟೆಗಳನ್ನು ಮಾರಾಟಕ್ಕೆ ಸೇರಿಸಬೇಡಿ. ಕೆಲಸವಾದ ಮೇಲೆ ಟೇಪನ್ನೂ ಅಂಟನ್ನೂ ಪೂರ್ತಿ ತೆಗೆಯಿರಿ. ಊಟದ ತಟ್ಟೆಯಲ್ಲವೆ?

ತಂತಿಯ ತುದಿಯಿಂದ ಮುಟ್ಟಿ ಅಳೆಯುವ ಉಪಕರಣವೂ ಒಳ್ಳೆಯದೇ. ತುದಿ ಚೆನ್ನಾಗಿ ತಾಗಿರಲಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಅದು ಸರಿಯಿದೆಯೇ ಎಂದು ನೋಡಲು ಕುದಿಯುವ ನೀರು ಸಾಕು. ಕರಾವಳಿಯಲ್ಲಿ 100, ಸಮುದ್ರಮಟ್ಟದಿಂದ 600 ಮೀಟರ್ ಎತ್ತರದ ಮಲೆನಾಡಿನ ಊರಿನಲ್ಲಿ ಸುಮಾರು 98 ಡಿಗ್ರಿ ತೋರಿಸಬೇಕು.

ನಡುವಿಗೂ ಅಂಚಿಗೂ ಬಹಳ ಅಂತರ ಕಂಡರೆ ಗುಂಡಿ ಏರಿಸುವುದರಿಂದ ಪ್ರಯೋಜನವಿಲ್ಲ, ನಡು ಇನ್ನಷ್ಟು ಕಂದುತ್ತದೆ. ಹೀಟರ್ ಸಡಿಲವಾಗಿದೆಯೇ, ಅದರ ಒಂದು ಭಾಗ ಸುಟ್ಟಿದೆಯೇ ಎಂದು, ವಿದ್ಯುತ್ ಸಂಪರ್ಕ ತೆಗೆದ ಮೇಲೆ, ಬಲ್ಲವರಿಂದ ನೋಡಿಸಿ.