ಶಾಸನಸಭೆಗೆ ಹೋದ ಮಲೆನಾಡಿಗ: ಶಾಂತವೇರಿ ಗೋಪಾಲಗೌಡರು

ಓಟು ಬೇಡಲು ಮನೆಯ ಬಾಗಿಲಿಗೆ ಬಂದ ಉಮೇದುವಾರನು, ಓಟಿನೊಡನೆ ಒಂದು ರೂಪಾಯಿಯ ನೋಟನ್ನೂ ಕೊಡಿರೆಂದು ಕೇಳಿದರೆ ಮನೆಯ ಯಜಮಾನರು ಏನೆಂದುಕೊಂಡಾರು? ಚುನಾವಣೆಯ ಕಾಲದಲ್ಲಿ ಹಣವು ಯಾವ ಕಡೆಯಿಂದ ಯಾವ ಕಡೆಗೆ ಹರಿಯುವುದೆಂಬುದನ್ನು ವಾಚಕ ಮಹಾಶಯರಿಗೆ ನಾವು ಬಿಡಿಸಿ ಹೇಳಬೇಕಾದುದಿಲ್ಲ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ಮಾತ್ರ ಈ ಪ್ರವಾಹವು ಒಂದು ಕಾಲಕ್ಕೆ ಹಿಮ್ಮುಖವಾಗಿ ಹರಿದುದುಂಟು. “ಒಂದು ಓಟು, ಒಂದು ನೋಟು” ಎಂಬುದು ಅಲ್ಲಿಯ ಸಮಾಜವಾದಿಗಳ ಕೂಗಾಗಿದ್ದಿತು. ಅವರಿಗೆ ಹಣವಿರಲಿಲ್ಲವೆಂಬುದು ಇದಕ್ಕೆ ಮೊದಲನೆಯ ಕಾರಣ. ಆದರೆ ತನ್ನ ಗಂಟಿನಿಂದ ಒಂದು ರೂಪಾಯಿಯನ್ನು ಬಿಚ್ಚಿ ಕೊಟ್ಟ ಒಕ್ಕಲಿಗನು ಆ ರೂಪಾಯಿಯು ವ್ಯರ್ಥವಾಯಿತೋ ಸಾರ್ಥಕವಾಯಿತೋ ಎಂದು ಐದು ವರ್ಷವೂ ನೋಡುತ್ತಲೇ ಇರುವನಷ್ಟೆ! ಈ ರೀತಿಯಲ್ಲಿ ಮೂರು ಸಲ ಶಾಸನಸಭೆಗೆ ಆರಿಸಿ ಹೋದವರು ಶಾಂತವೇರಿ ಗೋಪಾಲಗೌಡರು.

ಗೌಡರು ಹುಟ್ಟಿದುದು 1923ನೆಯ ಇಸವಿ ಮಾರ್ಚಿ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಬಡತನದ ಮನೆ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಸೇರಿ ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯವು ಬಂದ ಬಳಿಕ ಅನೇಕರು ಆ ಸೆರೆಮನೆಯ ದಿನಗಳನ್ನೇ ಬಂಡವಾಳವಾಗಿ ಮಾಡಿಕೊಂಡು ಅಧಿಕಾರದ ಕಡೆಗೆ ನಡೆದರು. ಗೌಡರು ಹಿಡಿದುದು ರಾಮಮನೋಹರ ಲೋಹಿಯಾ ಅವರ ದಾರಿ. ಆ ದಾರಿಯಲ್ಲಿ ಸ್ವತಂತ್ರ ಭಾರತದ ಸೆರೆಮನೆಗಳೂ ಇದ್ದವು.

ಅವರ ಹೆಸರು ಹಳ್ಳಿಹಳ್ಳಿಗೆ ಮುಟ್ಟಿದುದು ಸಾಗರ ತಾಲ್ಲೂಕಿನ ಕಾಗೋಡಿನಿಂದ. ಈ ಪ್ರಕರಣವನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು; ಇದನ್ನು ಬಿಟ್ಟರೆ ಗೌಡರ ಚುನಾವಣೆಗಳು ಅರ್ಥವಾಗತಕ್ಕವಲ್ಲ. ಆ ಸೀಮೆಯಲ್ಲಿ ಗದ್ದೆಗಳು ಕೆಲವೇ ಒಡೆಯರವು; ಉಳುವವರು ಬಹುಮಟ್ಟಿಗೆ ದೀವರ ಜಾತಿಯ ಗೇಣಿ ಒಕ್ಕಲುಗಳು. ಸುಗ್ಗಿಯಲ್ಲಿ ಗೇಣಿಯನ್ನು ಭತ್ತದಲ್ಲಿ ಅಳೆದುಕೊಡಬೇಕು. ಅಳೆಯುವುದು ಕೊಳಗದಿಂದ. ಕೊಳಗವಾದರೋ ಒಡೆಯರ ಮನೆಯದು. ಅದು ಸಾಧಾರಣವಾದ ಕೊಳಗಕ್ಕಿಂತ ದೊಡ್ಡದು! ಮನೆಯಲ್ಲಿ ಅಕ್ಕಿಯನ್ನು ಅಳೆದು ಒಲೆಯ ಮೇಲಿಡುವ ಗೃಹಿಣಿಯರಿಗೆ ಇದರ ಅರ್ಥವು ನಮಗಿಂತ ಬೇಗನೆ ಆಗುವುದು. ಪ್ರತಿಯೊಂದು ಅಳತೆಗೂ ಸ್ವಲ್ಪ ಸ್ವಲ್ಪ ಹೆಚ್ಚಾಗಿ ಹೋದ ಭತ್ತವು ಮಳೆಗಾಲದ ಹೊತ್ತಿಗೆ ಒಕ್ಕಲಿನ ಮನೆಯ ಮಕ್ಕಳ ಊಟದಲ್ಲಿ ಕಡಮೆಯಾಗಿ ಕಾಣಿಸಿಕೊಳ್ಳುತ್ತಿದ್ದಿತು. ಇಷ್ಟಾಗಿಯೂ ಕೊಟ್ಟ ಗೇಣಿಗೆ ರಸೀತಿಯಿಲ್ಲ. ಮೇಲೆ ಬಿಟ್ಟಿಯ ಕೆಲಸ ಬೇರೆ.

ಎಚ್. ಗಣಪತಿಯಪ್ಪನವರು 1948ರ ಸುಮಾರಿಗೆ ರೈತಸಂಘವನ್ನು ಕಟ್ಟಿ, ಅಳತೆ ಸರಿಯಾಗಿರಲಿ, ರಸೀತಿ ಕೊಡಿ ಎಂದು ಕೇಳುವ ಧೈರ್ಯವನ್ನು ಒಕ್ಕಲುಗಳಿಗೆ ಕಲಿಸಿದರು. ಕೇಳಿದವರನ್ನು ಗದ್ದೆಯಿಂದ ಬಿಡಿಸುವ ಹುನ್ನಾರವಾಯಿತು. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹವು ಆರಂಭವಾಯಿತು. ತಾವು ತಲೆತಲಾಂತರದಿಂದ ಉತ್ತ ಗದ್ದೆಗೆ ನೇಗಿಲು ಹೊತ್ತು ಇಳಿಯುವುದೇ ಅಪರಾಧವೆನಿಸಿ, ನೂರಾರು ಮಂದಿ ತಂಡತಂಡವಾಗಿ ಸೆರೆಗೆ ಹೋದರು. ಹೆಂಗಸರೂ ಹಿಂದೆ ಬೀಳಲಿಲ್ಲ. ಸಮಾಜವಾದಿ ಪಕ್ಷವು ಹೋರಾಟದ ಹೊಣೆಯನ್ನು ಹೊತ್ತಿತು. ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರಾದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು, ಸಾಗರದಲ್ಲಿ ಬಂಧಿತರಾದರು. ಮಲೆನಾಡಿನ ಮೂಲೆಯ ಒಂದು ಹಳ್ಳಿಯ ಕೊಳಗದ ಜಗಳವು ಹೀಗೆ ದೇಶದ ಪತ್ರಿಕೆಗಳಿಗೆ ಏರಿತು. ಗಣಪತಿಯಪ್ಪನವರು ಬಿತ್ತಿದ ಬೆಳೆಯನ್ನು ಪಕ್ಷದವರು ಕೊಯ್ದರೆಂದು ಹೇಳುವವರುಂಟು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಸೆರೆಮನೆಯ ಮುದ್ದೆಯನ್ನು ಇಬ್ಬರೂ ಉಂಡರೆಂಬುದನ್ನೂ ಮರೆಯಲಾಗದು.

ಮರುವರ್ಷವೇ, ಎಂದರೆ 1952ರಲ್ಲಿ, ವಯಸ್ಸಿಗೆ ಬಂದವರೆಲ್ಲರಿಗೂ ಓಟು ದೊರೆತ ಮೊದಲನೆಯ ಮಹಾಚುನಾವಣೆ. ಆಗಿನ ಪದ್ಧತಿಯು ಈಗಿನವರಿಗೆ ಸೋಜಿಗವೆನಿಸೀತು. ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಆತನ ಗುರುತಿನ ಚಿತ್ರ. ಚೀಟಿಯ ಮೇಲೆ ಗುರುತು ಹಾಕುವ ಗೊಡವೆಯಿಲ್ಲ. ಕೊಟ್ಟ ಚೀಟಿಯನ್ನು ತಮಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಿ ಬರುವುದು. ಕಾಂಗ್ರೆಸ್ಸಿನದು ಜೋಡೆತ್ತು, ಸಮಾಜವಾದಿಗಳದು ಆಲದ ಮರ. ಎತ್ತುಗಳನ್ನು ದಿನವೂ ಹೂಡುವ ಬೇಸಾಯಗಾರನಿಗೆ ಎತ್ತಿನ ಪೆಟ್ಟಿಗೆಯನ್ನು ಬಿಟ್ಟು ಮರದ ಪೆಟ್ಟಿಗೆಯನ್ನು ಹುಡುಕೆಂದು ಹೇಳುವುದು ಸುಲಭದ ಮಾತಲ್ಲ. ಆದಾಗ್ಯೂ ಸಾಗರ-ಹೊಸನಗರ ಕ್ಷೇತ್ರದಲ್ಲಿ ಇನ್ನೂ ಮೂವತ್ತು ತುಂಬದ ಗೋಪಾಲಗೌಡರು ಕಾಂಗ್ರೆಸ್ಸಿನ ಹೆಸರಾಂತ ನಾಯಕರಾದ ಎ. ಆರ್. ಬದರಿನಾರಾಯಣರನ್ನು ಸೋಲಿಸಿದರು. ಮೈಸೂರು ಶಾಸನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ಹೋದ ವರ್ಷವದು. ಎದುರು ಸಾಲಿನಲ್ಲಿ ಕುಳಿತ ಸಮಾಜವಾದಿಗಳನ್ನು ಕೈಬೆರಳುಗಳಲ್ಲಿ ಎಣಿಸಬಹುದಾಗಿದ್ದಿತು.

ವಿಧಾನಸೌಧವು ಆಗ ಕಟ್ಟಿ ಮುಗಿದಿರಲಿಲ್ಲ; ಸಭೆಯು ಕೂಡುತ್ತಿದ್ದುದು ಅಠಾರಾ ಕಚೇರಿಯಲ್ಲಿ. ಕೆಂಗಲ್ ಹನುಮಂತಯ್ಯನವರಂಥ ಗಟ್ಟಿ ಮುಖ್ಯಮಂತ್ರಿಗಳೆದುರಿಗೆ ಎದ್ದು ನಿಂತು ಗೇಣಿಯ ವಿಷಯವನ್ನು ಮಾತಾಡುವ ಕೆಲಸ ಈ ತರುಣನದು. ಕನ್ನಡವೇ ಆಡಳಿತದ ಭಾಷೆಯಾಗಬೇಕು, ತನ್ನ ಮೇಲೆ ಹೇರುವ ತೆರಿಗೆ ಯಾವುದೆಂಬುದು ತೆರುವವನಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದು ಗೌಡರ ಪಟ್ಟು. ಸಂಖ್ಯಾಬಲವಿಲ್ಲದ ಸದಸ್ಯನು ಸಭೆಯಲ್ಲಿ ಏನು ಸಾಧಿಸಿಯಾನು ಎಂದು ಕೇಳುವುದು ಸಹಜ. ಆ ಸಭೆಯಲ್ಲಿ ಅವರ ಪಕ್ಷವು ಒಂದು ಮಸೂದೆಯನ್ನೂ ತನ್ನ ಬಲದಿಂದ ಗೆಲ್ಲಿಸಿಕೊಳ್ಳುವಂತಿರಲಿಲ್ಲ. ಗೌಡರ ಕೆಲಸವೆಲ್ಲ ಒಂದೇ ಮಾತನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುತ್ತಿರುವುದು.

1957ರ ಚುನಾವಣೆಯಲ್ಲಿ ಅವರು ಸೋತರು. ರಾಜ್ಯವು ಏಕೀಕರಣದಿಂದ ದೊಡ್ಡದಾಗಿ, ಸಭೆಯು 208 ಸ್ಥಾನಗಳಿಗೆ ಬೆಳೆದಿದ್ದಿತು. ಸಮಾಜವಾದಿಗಳಾದರೋ ಒಡೆದು ಎರಡಾಗಿದ್ದರು. ಗೌಡರು ಲೋಹಿಯಾ ಅವರ ಕಡೆಯಲ್ಲಿಯೇ ನಿಂತರು. ಅವರಲ್ಲಿ ನಮಗೆ ಎಷ್ಟು ಗೌರವವಿದ್ದರೂ ಇಲ್ಲೊಂದು ಮಾತನ್ನು ಹೇಳದಿರಲಾರೆವು. ಒಡೆಯುವುದು, ಕೂಡುವುದು, ಮರಳಿ ಒಡೆಯುವುದು—ಇದರಲ್ಲಿ ಆ ಪಕ್ಷದವರು ಕಳೆದ ಕಾಲವನ್ನು ಬಯಲುಸೀಮೆಯ ಹಳ್ಳಿಗಳಲ್ಲಿ ಕಳೆದಿದ್ದರೆ, ಸಮಾಜವಾದವು ಶಿವಮೊಗ್ಗ ಜಿಲ್ಲೆಯ ಗಡಿಯಲ್ಲಿಯೇ ನಿಲ್ಲುತ್ತಿರಲಿಲ್ಲವೇನೋ.

1962ರಲ್ಲಿ ತಮ್ಮ ಹುಟ್ಟೂರಿನ ತಾಲ್ಲೂಕಾದ ತೀರ್ಥಹಳ್ಳಿಯಿಂದ ಗೆದ್ದರು. 1967ರಲ್ಲಿ ಅಲ್ಲಿಂದಲೇ ಮರಳಿ ಗೆದ್ದರು. ಆ ಎರಡನೆಯ ಚುನಾವಣೆಯ ಹೊತ್ತಿಗೆ ಸುತ್ತಲೂ ಹೊಸ ಪೈರು ಎದ್ದಿದ್ದಿತು. ಸೊರಬದಿಂದ ಎಸ್. ಬಂಗಾರಪ್ಪನವರು ಶಾಸನಸಭೆಗೂ, ಶಿವಮೊಗ್ಗದಿಂದ ಜೆ. ಎಚ್. ಪಟೇಲರು ಲೋಕಸಭೆಗೂ ಆರಿಸಿ ಹೋದರು. ಮುಂದೆ ಇಬ್ಬರೂ ಮುಖ್ಯಮಂತ್ರಿಗಳಾದವರು. ಗೌಡರಿಗೆ ಮಂತ್ರಿಪದವಿಯು ಎಂದೂ ಬರಲಿಲ್ಲ. ಅವರ ಗೆಳೆತನವು ಕವಿಗಳೊಡನೆ, ಕತೆಗಾರರೊಡನೆ. ಗೋಪಾಲಕೃಷ್ಣ ಅಡಿಗರೂ ಯು. ಆರ್. ಅನಂತಮೂರ್ತಿಯವರೂ ಅವರಿಗೆ ಆಪ್ತರು. ಅನಂತಮೂರ್ತಿಯವರ ‘ಅವಸ್ಥೆ’ ಎಂಬ ಕಾದಂಬರಿಯ ನಾಯಕನಲ್ಲಿ ಗೌಡರ ಛಾಯೆಯನ್ನು ಓದುಗರು ಕಂಡುಕೊಂಡಿದ್ದಾರೆ. ಕತೆಯು ಕತೆಯೇ, ಚರಿತ್ರೆಯಲ್ಲ; ಆದರೆ ಶಾಸಕನೊಬ್ಬನ ಬಾಳು ಕಾದಂಬರಿಕಾರನಿಗೆ ಎಡೆಕೊಡುವಷ್ಟು ಆಳವಾಗಿರುವುದು ದಿನವೂ ಕಾಣುವ ಸಂಗತಿಯಲ್ಲ.

ಕಡೆಯ ವರ್ಷಗಳಲ್ಲಿ ದೇಹವು ಸೋತಿತು. 1972ರ ಚುನಾವಣೆಯಲ್ಲಿ ತೀರ್ಥಹಳ್ಳಿಯವರು ಸಮಾಜವಾದಿಗಳೇ ಆದ ಕೋಣಂದೂರು ಲಿಂಗಪ್ಪನವರನ್ನು ಆರಿಸಿದರು. ಸಾಗರದಿಂದ ಕಾಗೋಡು ತಿಮ್ಮಪ್ಪನವರು, ಅದೇ ಕಾಗೋಡಿನ ಹೆಸರನ್ನು ಹೊತ್ತವರು, ಶಾಸನಸಭೆಗೆ ಹೋದರು. ಅದೇ ವರ್ಷ ಜೂನ್ 9ರಂದು, ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಗೋಪಾಲಗೌಡರು ತೀರಿಕೊಂಡರು.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಬೇಕೆಂದು ಅವರು ವಾದಿಸುತ್ತಿದ್ದರು. ಆ ಹೆಸರು ಬಂದುದು 1973ರ ನವೆಂಬರ್ 1ರಂದು. ದೇವರಾಜ ಅರಸರ ಸರಕಾರದ ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದುದು 1974ರ ಮಾರ್ಚಿ 1ರಂದು. ಗೇಣಿಯ ಜಮೀನುಗಳು ಆ ದಿನದಿಂದ ಸರಕಾರಕ್ಕೆ ಸೇರಿ, ಉಳುವವನು ಅರ್ಜಿಯನ್ನು ಕೊಟ್ಟು ನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಿಕೊಳ್ಳಬಹುದಾಯಿತು. ಗೇಣಿಗೆ ರಸೀತಿಯನ್ನೇ ಕಾಣದಿದ್ದ ಮನೆಗಳವರು ಏಳನೆಯ ನಮೂನೆಯ ಫಾರಮುಗಳನ್ನು ಹಿಡಿದು ತಾಲ್ಲೂಕು ಕಚೇರಿಗಳ ಮುಂದೆ ಸಾಲಾಗಿ ನಿಂತರು.